ಫಾರ್ಮ್ಯಾಟ್ ಹೊಡೆಯುವ ಮುನ್ನ

ನಮ್ಮ ಕಂಪ್ಯೂಟರ್ ಸರ್ವೀಸ್ ಕಸುಬಿನಲ್ಲಿ ಸಕಲ ರೋಗಕ್ಕೂ ಒಂದೇ ಮದ್ದು: ಫಾರ್ಮ್ಯಾಟ್, ಅಂದರೆ ಡ್ರೈವ್ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ಸಿಸ್ಟಮ್ ನಿಧಾನವೇ? ಫಾರ್ಮ್ಯಾಟ್. ವೈರಸ್ಸೇ? ಫಾರ್ಮ್ಯಾಟ್. ಪ್ರಿಂಟರ್ ಮುಷ್ಕರ ಹೂಡಿದ್ದಕ್ಕೂ ಫಾರ್ಮ್ಯಾಟ್ ಹೊಡೆದವರನ್ನು ಕಂಡಿದ್ದೇನೆ. ಪ್ರಿಂಟಿನ ಸರದಿ ನೋಡಿಕೊಳ್ಳುವ ಪ್ರಿಂಟ್ ಸ್ಪೂಲರ್ ನಿಲ್ಲಿಸಿ, ಸಿಕ್ಕಿಹಾಕಿಕೊಂಡ ಫೈಲುಗಳನ್ನು ಅಳಿಸಿ, ಮತ್ತೆ ಶುರು ಮಾಡಿದ್ದರೆ ಸಾಕಾಗುತ್ತಿತ್ತೋ ಏನೋ. ಅದು ಅವರಿಗೆ ಗೊತ್ತಿರಲಿಲ್ಲ ಎಂದೇನಲ್ಲ. ಕಾಯಿಲೆ ಹುಡುಕಲು ಎಷ್ಟು ಹೊತ್ತು ಹಿಡಿಯುತ್ತದೋ ಹೇಳಲಾಗದು, ಹುಡುಕಿದ್ದಕ್ಕೆ ಯಾರೂ ಕಾಸು ಬಿಚ್ಚುವುದೂ ಇಲ್ಲ. ಫಾರ್ಮ್ಯಾಟ್‌ಗಾದರೆ ಹೊತ್ತೂ ಗೊತ್ತು, ರೇಟೂ ಗೊತ್ತು.

ನಷ್ಟ ಮಾತ್ರ ಗಿರಾಕಿಯದು. ವಕೀಲರ ಆಫೀಸಿನ ಕಂಪ್ಯೂಟರನ್ನೇ ತೆಗೆದುಕೊಳ್ಳಿ. ಹಳೆಯ ಕ್ರಯಪತ್ರ, ಅರ್ಜಿ, ತಕರಾರುಗಳೆಲ್ಲ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟುಗಳಲ್ಲಿರುತ್ತವೆ. ಅವು ಕನ್ನಡದ ಅಕ್ಷರಕ್ಕೇ ತನ್ನದೇ ಸಂಕೇತವಿರುವ ಯೂನಿಕೋಡ್ ಅಲ್ಲ. ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಫಾರ್ಮ್ಯಾಟ್ ಆದ ಮರುದಿನ ಪೆನ್‌ಡ್ರೈವ್‌ನಲ್ಲಿ ಉಳಿಸಿಕೊಂಡ ಫೈಲ್ ತೆರೆದರೆ ಪರದೆಯ ತುಂಬ ಕಲಸುಮೇಲೋಗರ, ಟೈಪಿಸ್ಟ್ ಕಂಗಾಲು. ಫೈಲ್ ಕೆಟ್ಟಿರುವುದಿಲ್ಲ, ನುಡಿ ಹಾಕಿದರೆ ಎಲ್ಲ ಹಿಂದಿನಂತೆಯೇ ಕಾಣುತ್ತದೆ. ಇದನ್ನು ಮೊದಲೇ ಹೇಳಿದ್ದರೆ ಆ ಮನುಷ್ಯನಿಗೆ ಒಂದು ದಿನದ ಎದೆಬಡಿತ ಉಳಿಯುತ್ತಿತ್ತು.

ಅಂಗಡಿಯವರ ಕಷ್ಟ ಬೇರೆ. ‘ಡಿ ಡ್ರೈವ್ ಮುಟ್ಟಿಲ್ಲ ಸಾರ್, ಸಿ ಮಾತ್ರ’ ಎಂದು ನಮ್ಮ ಹುಡುಗರು ಧೈರ್ಯವಾಗಿ ಹೇಳುತ್ತಾರೆ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಬ್ರೌಸರ್‌ನಲ್ಲಿ ಕುಳಿತ ಪಾಸ್‌ವರ್ಡುಗಳು, ಎಷ್ಟೋ ಕಡೆ ಟ್ಯಾಲಿಯ ಲೆಕ್ಕ ಕೂಡ, ಇರುವುದು ಆ ಸಿ ಡ್ರೈವ್‌ನಲ್ಲೇ.

ಹಾರ್ಡ್‌ಡಿಸ್ಕಿನ ಕಾಲದಲ್ಲಿ ಇದಕ್ಕೆ ಒಂದಿಷ್ಟು ಕ್ಷಮೆಯಿತ್ತು. ಕ್ವಿಕ್ ಫಾರ್ಮ್ಯಾಟ್ ಅಳಿಸುತ್ತಿದ್ದದ್ದು ಪುಸ್ತಕದ ಪರಿವಿಡಿಯನ್ನು ಮಾತ್ರ. ಪುಟಗಳ ಮೇಲೆ ಹೊಸತು ಬರೆಯುವವರೆಗೆ ರಿಕವರಿ ಸಾಫ್ಟ್‌ವೇರ್ ಹಾಕಿ ಒಂದಷ್ಟಾದರೂ ಎತ್ತಬಹುದಿತ್ತು. ಈಗಿನ ವೇಗದ ಡ್ರೈವ್ ಆದ ಎಸ್‌ಎಸ್‌ಡಿಯಲ್ಲಿ ಆ ದಾರಿ ಹೆಚ್ಚುಕಡಿಮೆ ಮುಚ್ಚಿದೆ. ಫಾರ್ಮ್ಯಾಟ್ ಮಾಡಿದೊಡನೆ ವಿಂಡೋಸ್ ಟ್ರಿಮ್ ಎಂಬ ಆಜ್ಞೆ ಕಳಿಸುತ್ತದೆ. ಇನ್ನು ಬೇಡದ ಜಾಗವನ್ನು ಡ್ರೈವ್ ತಾನಾಗಿಯೇ ಒರೆಸಿಕೊಂಡುಬಿಡುತ್ತದೆ. ವೇಗಕ್ಕೆಂದು ನಾವೇ ಎಲ್ಲರಿಗೂ ಎಸ್‌ಎಸ್‌ಡಿ ಹಾಕಿಸಿದೆವು, ಕೆಲಸದ ಕ್ರಮ ಮಾತ್ರ ಹಳೆಯದೇ ಉಳಿಯಿತು.

‘ಬ್ಯಾಕಪ್ ಇದೆಯಾ?’ ಎಂದು ಕೇಳಿ ಕೈ ತೊಳೆದುಕೊಳ್ಳುವವರೇ ಹೆಚ್ಚು. ಅದು ಪ್ರಶ್ನೆಯೇ ಅಲ್ಲ. ಬ್ಯಾಕಪ್ ಎಂದರೇನೆಂದು ಸರಿಯಾಗಿ ತಿಳಿಯದವರು ಮರ್ಯಾದೆಗೆ ‘ಹೂಂ, ಇದೆ’ ಅನ್ನುತ್ತಾರೆ. ನಾನು ಕೇಳುವುದು: ‘ಬೆಳಿಗ್ಗೆ ಸಿಸ್ಟಮ್ ಆನ್ ಮಾಡಿದ ಕೂಡಲೇ ಮೊದಲು ಏನು ತೆಗೀತೀರಿ ಮೇಡಂ? ವರ್ಷಕ್ಕೊಂದು ಸಲ ಮಾತ್ರ ಬೇಕಾಗೋದು ಏನಾದ್ರೂ ಇದೆಯಾ?’ ಎರಡನೆಯ ಪ್ರಶ್ನೆಗೇ ನಿಜವಾದ ಉತ್ತರ ಬರುವುದು. ಆದಾಯ ತೆರಿಗೆಯ ಫೋಲ್ಡರ್, ಮಗಳ ಮದುವೆಯ ಫೋಟೊ, ತೀರಿಕೊಂಡವರ ಧ್ವನಿಯ ರೆಕಾರ್ಡಿಂಗ್. ಆ ಫೋಲ್ಡರನ್ನು ಅವರ ಕೈಯಲ್ಲೇ ತೆರೆಸಿ, ಎದುರಿಗೇ ನಕಲು ಮಾಡಿ, ನಕಲನ್ನೂ ಒಮ್ಮೆ ತೆರೆದು ತೋರಿಸುತ್ತೇನೆ.

‘ನಾನೇನೂ ಮುಟ್ಟಿಲ್ಲ ಸಾರ್, ತಾನೇ ಹಾಗಾಯ್ತು’ ಎಂಬ ಮಾತಿಗೆ ನಗಬಾರದು. ಬೈಗುಳದ ಭಯಕ್ಕೆ ಬರುವ ಮಾತದು. ‘ಯಾರು ಏನು ಒತ್ತಿದರು’ ಎಂದು ಪೊಲೀಸರಂತೆ ವಿಚಾರಿಸುವ ಬದಲು ‘ಕೊನೆಗೆ ಸರಿಯಾಗಿ ಕೆಲಸ ಮಾಡಿದ್ದು ಯಾವಾಗ?’ ಎಂದು ಕೇಳಿದರೆ ಅಪ್‌ಡೇಟ್ ಆದದ್ದು, ಕರೆಂಟ್ ಹೋದದ್ದು, ಮೊಮ್ಮಗ ಗೇಮ್ ಹಾಕಿದ್ದು ಒಂದೊಂದಾಗಿ ಹೊರಬರುತ್ತದೆ.

ಈಚಿನ ದಿನಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಖಾತೆಗಳ ವಿಷಯ. ವಿಂಡೋಸ್ 11ರ ಸೆಟಪ್ ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಗಿರಾಕಿಗೆ ಪಾಸ್‌ವರ್ಡ್ ನೆನಪಿಲ್ಲ, ಒಟಿಪಿ ಬರುವ ನಂಬರ್ ಮಗನದು, ಮಗ ಬೆಂಗಳೂರಿನಲ್ಲಿ. ಯಾಕೆ ರಗಳೆ ಎಂದು ಹುಡುಗ ತನ್ನದೇ ಇಮೇಲ್ ಹಾಕಿ ಮುಗಿಸುತ್ತಾನೆ. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆಗ ಡ್ರೈವ್‌ಗೆ ತಾನಾಗಿ ಬೀಗ ಬಿದ್ದು, ಅದರ 48 ಅಂಕಿಗಳ ರಿಕವರಿ ಕೀ ಹುಡುಗನ ಖಾತೆಗೆ ಹೋಗಿ ಕೂರುತ್ತದೆ. ಮುಂದೆಂದೋ ಬಯೋಸ್ (ಯಂತ್ರ ಆನ್ ಆದೊಡನೆ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್ ಆದಾಗ ನೀಲಿ ಪರದೆ ಆ ಕೀ ಕೇಳುತ್ತದೆ. ಅಷ್ಟು ಹೊತ್ತಿಗೆ ಹುಡುಗ ಕೆಲಸ ಬಿಟ್ಟು ಹೋಗಿರುತ್ತಾನೆ. ಆ ಅಂಕಿಗಳಿಲ್ಲದೆ ಡೇಟಾ ತೆಗೆಯಲು ಯಾರಿಂದಲೂ ಆಗದು.

ಹಾಗಾಗಿ ಮಗನಿಗೆ ಫೋನ್ ಹಚ್ಚಿಸಿ, ಅವನು ಮೀಟಿಂಗ್ ಮುಗಿಸಿ ಒಟಿಪಿ ಹೇಳುವವರೆಗೆ ಅವರ ಮನೆಯ ಕಾಫಿ ಕುಡಿಯುತ್ತ ಕಾಯುತ್ತೇನೆ. ಪಾಸ್‌ವರ್ಡ್ ಅವರೇ ಒತ್ತಲಿ, ಆಗ ನಾನು ಕಿಟಕಿಯ ಕಡೆ ನೋಡುತ್ತೇನೆ. ರಿಕವರಿ ಕೀ ಅವರ ಡೈರಿಯಲ್ಲಿ ಅವರ ಅಕ್ಷರದಲ್ಲೇ ಇರಬೇಕು. ಕಾದ ಹೊತ್ತಿಗೂ ಚಾರ್ಜ್ ಇದೆಯೆಂದು ಚೀಲ ಬಿಚ್ಚುವ ಮೊದಲೇ ಹೇಳಿಬಿಟ್ಟಿರುತ್ತೇನೆ. ನೆಂಟರಿಗೆ ಹೇಳುವುದು ಮಾತ್ರ ಇನ್ನೂ ಕಷ್ಟ.