ಆಸ್ಪತ್ರೆ ದಾಟಿ ಕ್ರೀಡಾಂಗಣಕ್ಕೆ: ಹುಡುಗರ ಮನಸ್ಸಿಗೆ ನೆರವು ಹತ್ತಿರ ಬಂದ ಬಗೆ

ಜಿಲ್ಲಾ ಕ್ರೀಡಾಂಗಣಕ್ಕೆ ಹುಡುಗರು ಯಾಕೆ ಹೋಗುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಆಡಲು, ಓಡಲು, ಇಲ್ಲಾ ಸುಮ್ನೆ ಕೂತು ಬರಲು ಹೋಗುತ್ತಾರೆ. ಕರ್ನಾಟಕದ ಯುವ ಸ್ಪಂದನ ಕೇಂದ್ರಗಳು ಇರುವುದು ಅಲ್ಲೇ. ಮನಸ್ಸು ಭಾರವಾದಾಗ ಒಳಗೆ ಹೋಗಿ ಮಾತಾಡಬಹುದು. ಅದು ಆಸ್ಪತ್ರೆಯಲ್ಲ, ಬಂದವರು ರೋಗಿಯೂ ಅಲ್ಲ. ಇಷ್ಟು ಹತ್ತಿರ ಬರಲು ನಮಗೆ ಸುಮಾರು 40 ವರ್ಷ ಹಿಡಿಯಿತು.

ಹಿಂದೆ ಚಿಕಿತ್ಸೆ ಅಂದರೆ ಬೆಂಗಳೂರು, ಇಲ್ಲವೇ ಧಾರವಾಡ. 1974ರಲ್ಲಿ ನಿಮ್ಹಾನ್ಸ್ ಶುರುವಾದ ಮೇಲೂ ಹಳ್ಳಿಯವರು ಬಸ್ಸು ಹತ್ತಿ ಅಲ್ಲಿಗೇ ಬರಬೇಕಿತ್ತು. ಊರಿಗೆ ಗೊತ್ತಾದರೆ ಹುಚ್ಚಾಸ್ಪತ್ರೆಗೆ ಹೋಗಿ ಬಂದ ಅನ್ನುವ ಹೆಸರು ಜೀವನಪೂರ್ತಿ ಅಂಟುತ್ತಿತ್ತು. ನಿಮ್ಹಾನ್ಸ್ ವೈದ್ಯರೇ ಈ ದೂರ ಕಡಿಮೆ ಮಾಡಲು ಹೊರಟರು. ಮೊದಲು ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ, ಆಮೇಲೆ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯತ್ನ ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೇ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿದರು. ಈ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ದೊಡ್ಡ ಕೆಲಸವೇ. ಆದರೆ ಅದರ ಗಮನ ಹೆಚ್ಚಾಗಿ ತೀವ್ರ ಕಾಯಿಲೆಗಳ ಮೇಲಿತ್ತು. ಅಪ್ಪನ ಕುಡಿತ, ಪರೀಕ್ಷೆಯ ಭಯ, ಮುರಿದ ಪ್ರೀತಿ, ಕನ್ನಡಿ ನೋಡಿದರೆ ಆಗುವ ಬೇಜಾರು, ಇವಕ್ಕೆಲ್ಲ ಎಲ್ಲಿಗೆ ಹೋಗೋದು? ಇವು ಕಾಯಿಲೆಯಲ್ಲ. ಹಾಗಂತ ಬಿಟ್ಟರೆ ಒಳಗೇ ಬೆಳೆಯುತ್ತವೆ.

ಇದಕ್ಕೆ ಮೊದಲು ದಾರಿ ಹುಡುಕಿದ್ದು ಶಾಲೆಯಲ್ಲಿ. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಿರ್ಧಾರ ಮಾಡುವುದು, ಒತ್ತಡ ನಿಭಾಯಿಸುವುದು ಇಂಥ ಹತ್ತು ಜೀವನ ಕೌಶಲಗಳನ್ನು ಪಟ್ಟಿ ಮಾಡಿತು. ನಿಮ್ಹಾನ್ಸ್ ಅದನ್ನು ನಮ್ಮ ಹೈಸ್ಕೂಲಿಗೆ ಒಗ್ಗಿಸಿತು. ಇಲ್ಲಿ ಮೇಷ್ಟ್ರು ಭಾಷಣ ಮಾಡುವ ಹಾಗಿಲ್ಲ. ಮಕ್ಕಳೇ ಗುಂಪಾಗಿ ಕೂತು ಚರ್ಚಿಸಬೇಕು, ಪಾತ್ರ ಮಾಡಿ ತೋರಿಸಬೇಕು. ಒಬ್ಬ ಸಿಗರೇಟು ಸೇದು ಅಂತ ಒತ್ತಾಯಿಸುವ ಗೆಳೆಯನಾದರೆ, ಇನ್ನೊಬ್ಬ ಸ್ನೇಹ ಕೆಡದ ಹಾಗೆ ಬೇಡ ಅನ್ನಬೇಕು. ಮಾಡಿ ನೋಡಿದಾಗಲೇ ಅದು ಎಷ್ಟು ಕಷ್ಟ ಅಂತ ತಿಳಿಯುವುದು.

ಇದರಿಂದ ಲಾಭವಾಯಿತಾ? ಈ ಕಾರ್ಯಕ್ರಮ ನಡೆದ ಶಾಲೆಗಳ 605 ಮಕ್ಕಳನ್ನು, ನಡೆಯದ ಶಾಲೆಗಳ 423 ಮಕ್ಕಳ ಜೊತೆ ಹೋಲಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಒಂದು ವರ್ಷ ಕಲಿತ ಮಕ್ಕಳಲ್ಲಿ ತಮ್ಮ ಬಗೆಗಿನ ನಂಬಿಕೆ ಹೆಚ್ಚಿತ್ತು, ಶಿಕ್ಷಕರ ಜೊತೆ ಹೊಂದಾಣಿಕೆ ಚೆನ್ನಾಗಿತ್ತು. ಆದರೆ ಮಾನಸಿಕ ತೊಂದರೆಗಳಲ್ಲಿ, ಮನೆಯ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಎರಡನೇ ಮಾತು ನನಗೆ ಮುಖ್ಯ ಅನಿಸುತ್ತದೆ. ತರಗತಿಯ ಪಾಠ ಮನೆ ಬಾಗಿಲಲ್ಲೇ ನಿಂತುಬಿಡುತ್ತದೆ. ಕಷ್ಟದಲ್ಲಿರುವ ಮಗುವಿಗೆ ಪಾಠದ ಜೊತೆ ಕೂತು ಕೇಳುವ ಮನುಷ್ಯನೂ ಬೇಕು, ಅಲ್ವಾ?

ಯುವ ಸ್ಪಂದನ ಹುಡುಕಿದ್ದು ಅಂಥ ಮನುಷ್ಯರನ್ನು. 2014-15ರಲ್ಲಿ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಹಾಗೂ ನಿಮ್ಹಾನ್ಸ್ ಸೇರಿ ಇದನ್ನು ಶುರುಮಾಡಿದವು. ಊರಿನ ಯುವಕ ಯುವತಿಯರಿಗೇ ತರಬೇತಿ ಕೊಟ್ಟು ಯುವ ಪರಿವರ್ತಕರು ಅಂತ ಕರೆದರು. ಓದು, ಸಂಬಂಧ, ಲೈಂಗಿಕತೆ, ಸುರಕ್ಷತೆ ಯಾವುದರ ಬಗ್ಗೆಯಾದರೂ ಅವರ ಜೊತೆ ಮಾತಾಡಬಹುದು. ಅವರ ಕೈಮೀರಿದ್ದು ಅನಿಸಿದರೆ ತಜ್ಞರ ಹತ್ತಿರ ಕಳಿಸುತ್ತಾರೆ. ತನ್ನ ಊರಿನ ಮಾತಿನಲ್ಲೇ, ತನಗಿಂತ ಸ್ವಲ್ಪ ದೊಡ್ಡ ಅಕ್ಕನೋ ಅಣ್ಣನೋ ಕೇಳಿಸಿಕೊಂಡರೆ ಹುಡುಗರು ಬಾಯಿ ಬಿಡುತ್ತಾರೆ. ಈ ಕಾರ್ಯಕ್ರಮದ ನಿಜವಾದ ಹೊಸತನ ಇದೇ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇತ್ತು. ಇಷ್ಟು ಜನಕ್ಕೆ ವೈದ್ಯರನ್ನು ಎಲ್ಲಿಂದ ತರುವುದು? 2022ರ ಅಕ್ಟೋಬರ್ 10ರಂದು ಫೋನಿನಲ್ಲೇ ಮನಸ್ಸಿಗೆ ನೆರವು ಕೊಡುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ಬಂತು. 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಇಟ್ಟಿತು. 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರೊಬ್ಬರು ಇರಲೇಬೇಕು. ಅಂಕ ನೋಡಿ ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡುವುದು, ಎಲ್ಲರ ಎದುರು ಅವಮಾನಿಸುವುದು ನಿಲ್ಲಬೇಕು ಎಂದಿತು. 100ಕ್ಕಿಂತ ಕಡಿಮೆ ಮಕ್ಕಳಿರುವ ಕಡೆ ಹೊರಗಿನ ತಜ್ಞರ ನಂಟು ಇದ್ದರೆ ಸಾಕು. ನಮ್ಮ ಹಳ್ಳಿಗಳ ಎಷ್ಟೋ ಸರ್ಕಾರಿ ಶಾಲೆಗಳು ಇದೇ ಸಾಲಿಗೆ ಸೇರುತ್ತವೆ. ಆ ನಂಟು ಕಾಗದದ ಮೇಲೆ ಉಳಿಯಬಾರದು ಅಂದರೆ ಯುವ ಪರಿವರ್ತಕರು ತಿಂಗಳಿಗೊಮ್ಮೆಯಾದರೂ ಆ ಶಾಲೆಗಳಿಗೆ ಹೋಗುವಂತೆ ಸರ್ಕಾರ ಮಾಡಬೇಕು. ತರಬೇತಾದ ಜನ ಈಗಾಗಲೇ ಇದ್ದಾರೆ.