ಹಡಗು ಆಮೇಲೆ, ಮೊದಲು ಮಕ್ಕಳ ವಯಸ್ಸು

ಬೇಸಿಗೆ ರಜೆಗೆ ಕ್ರೂಸ್, ಅಂದರೆ ಹಡಗಿನ ಪ್ರವಾಸ, ಹೋಗಬೇಕು ಅಂತ ಬುಕಿಂಗ್ ಮಾಡಿಕೊಡುವ ನನಗೆ ಫೋನ್ ಮಾಡುವವರು ಮೊದಲು ಕೇಳುವುದು ಎರಡೇ: ಯಾವ ಹಡಗು ಚೆನ್ನಾಗಿದೆ, ತಲೆಗೆ ಎಷ್ಟಾಗುತ್ತದೆ. ಎರಡಕ್ಕೂ ನಾನು ತಕ್ಷಣ ಉತ್ತರ ಕೊಡುವುದಿಲ್ಲ. ಒಂದು ಹಾಳೆಯಲ್ಲಿ ಮೂರು ವಿಷಯ ಬರೆದು ಕಳಿಸಿ ಅನ್ನುತ್ತೇನೆ. ಹಡಗು ಹತ್ತುವ ದಿನಕ್ಕೆ ಪ್ರತಿ ಮಗುವಿಗೆ ಎಷ್ಟು ವರ್ಷ, ಎಷ್ಟು ತಿಂಗಳು. ಚಪ್ಪಲಿ ಬಿಚ್ಚಿ ಗೋಡೆಗೆ ನಿಲ್ಲಿಸಿದರೆ ಎಷ್ಟು ಎತ್ತರ. ಚಿಕ್ಕದು ಡೈಪರ್ ಬಿಟ್ಟಿದೆಯೋ ಇಲ್ಲವೋ.

ಮನೆಯಲ್ಲಿ ಒಂದೇ ಮಗು ಇದ್ದರೆ ಇಷ್ಟೆಲ್ಲ ಬೇಕಾಗುವುದಿಲ್ಲ. ಎರಡು ಮೂರು ಮಕ್ಕಳಿದ್ದು, ಒಬ್ಬರಿಗೊಬ್ಬರಿಗೆ ಐದಾರು ವರ್ಷ ಅಂತರ ಇದ್ದರೆ ಮಾತ್ರ ಲೆಕ್ಕ ಪೂರ್ತಿ ಬದಲಾಗುತ್ತದೆ. ಹಡಗಿನಲ್ಲಿ ಎಲ್ಲ ಸೌಲಭ್ಯವೂ ವಯಸ್ಸಿನ ಪ್ರಕಾರ ಹಂಚಿಕೆಯಾಗಿರುತ್ತದೆ. ನಿಮ್ಮ ಮಕ್ಕಳು ಆ ಗೆರೆಗಳ ಯಾವ ಕಡೆ ಬೀಳುತ್ತಾರೆ ಅನ್ನುವುದೇ ನಿಮ್ಮ ರಜೆ ಹೇಗಿರುತ್ತದೆ ಅಂತ ತೀರ್ಮಾನಿಸುತ್ತದೆ.

ಬಹಳ ಹಡಗುಗಳಲ್ಲಿ ಕಿಡ್ಸ್ ಕ್ಲಬ್, ಅಂದರೆ ಮಕ್ಕಳನ್ನು ಬಿಟ್ಟು ಹೋಗಬಹುದಾದ ಆಟದ ಕೋಣೆ, ಶುರುವಾಗುವುದು 3 ವರ್ಷದಿಂದ. ರಾಯಲ್ ಕೆರಿಬಿಯನ್ ಹಡಗುಗಳಲ್ಲಿ 3ರಿಂದ 5 ಒಂದು ಗುಂಪು, 6ರಿಂದ ಮೇಲಿನವರದು ಇನ್ನೊಂದು (ಕೆಲವು ಹಡಗುಗಳಲ್ಲಿ ಇದನ್ನೇ ಎರಡು ಮಾಡುತ್ತಾರೆ), ಟೀನ್ ವಯಸ್ಸಿನವರದು ಬೇರೆ ಗುಂಪು. ಎಂಎಸ್‌ಸಿ ಹಡಗುಗಳಲ್ಲಿ ಗೆರೆಗಳು ಬೇರೆ ಕಡೆ ಇವೆ: 3ರಿಂದ 6, 7ರಿಂದ 11, 12ರಿಂದ 14, 15ರಿಂದ 17. ಮನೆಯಲ್ಲಿ 6 ಮತ್ತು 10ರ ಇಬ್ಬರಿದ್ದಾರೆ ಅಂದುಕೊಳ್ಳಿ. ಒಂದು ಕಂಪನಿಯ ಹಡಗಿನಲ್ಲಿ ಅಣ್ಣ ತಮ್ಮ ಒಂದೇ ಕೋಣೆಯಲ್ಲಿ ಆಡಬಹುದು, ಇನ್ನೊಂದರಲ್ಲಿ ಆಗುವುದಿಲ್ಲ. ಕೆಲವು ಕಡೆ ದೊಡ್ಡ ಮಗುವನ್ನು ಚಿಕ್ಕವರ ಗುಂಪಿಗೆ ಸೇರಿಸಿಕೊಳ್ಳುತ್ತಾರೆ. ಚಿಕ್ಕದನ್ನು ಮೇಲಿನ ಗುಂಪಿಗೆ ಹಾಕಿ ಅಂದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಬುಕಿಂಗ್‌ಗೆ ಮುಂಚೆಯೇ ಇದನ್ನು ಕೇಳಿ ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಗಟ್ಟಿ ಗೆರೆ 3 ವರ್ಷದ್ದು. ಅದರ ಜೊತೆಗೇ ಡೈಪರ್ ಪ್ರಶ್ನೆಯೂ ಬರುತ್ತದೆ. ಮಗುವಿಗೆ 3 ತುಂಬಿದ್ದರೂ ಡೈಪರ್ ಬಿಟ್ಟಿಲ್ಲ ಅಂದರೆ ಹೆಚ್ಚಿನ ಕ್ಲಬ್‌ಗಳು ಸೇರಿಸಿಕೊಳ್ಳುವುದಿಲ್ಲ. ಈಜುಕೊಳದ್ದೂ ಇದೇ ಕಥೆ. ಈಜಲು ಅಂತಲೇ ಬರುವ ಡೈಪರ್ ಹಾಕಿದ್ದರೂ ಅನೇಕ ಹಡಗುಗಳಲ್ಲಿ ಮುಖ್ಯ ಕೊಳಕ್ಕೆ ಇಳಿಸುವ ಹಾಗಿಲ್ಲ. ಪುಟಾಣಿಗಳಿಗೆ ನೀರು ಚಿಮ್ಮುವ ಪ್ರತ್ಯೇಕ ಜಾಗ ಇದ್ದರೆ ಅಲ್ಲಿ ಮಾತ್ರ. ಅಣ್ಣ ಕೊಳದಲ್ಲಿ ಆಡುತ್ತಿರುತ್ತಾನೆ, ತಂಗಿ ದಡದಲ್ಲಿ ಅಳುತ್ತಿರುತ್ತಾಳೆ. ಅಪ್ಪ ಅಮ್ಮ ನಾಲ್ಕು ದಿನವೂ ಇದೇ ಪಂಚಾಯ್ತಿಯಲ್ಲಿ ಕಳೆಯುವುದನ್ನು ನಾನು ನೋಡಿದ್ದೇನೆ.

ದಾವಣಗೆರೆಯ ಒಂದು ಮನೆಯವರು ಏಪ್ರಿಲ್‌ಗೆ ಹೊರಡಬೇಕು ಅಂತಿದ್ದರು. ಮಕ್ಕಳಿಗೆ 14, 8 ಮತ್ತು 2 ವರ್ಷ 10 ತಿಂಗಳು. ಜೊತೆಗೆ ಅಜ್ಜಿ. ದಸರಾ ರಜೆಗೆ ಹೋಗಿ ಅಂದೆ. ಅಷ್ಟರಲ್ಲಿ ಚಿಕ್ಕದಕ್ಕೆ 3 ದಾಟಿತು, ಡೈಪರೂ ಬಿಟ್ಟಿತು. ಹಡಗು ಅದೇ, ದುಡ್ಡೂ ಹೆಚ್ಚುಕಡಿಮೆ ಅಷ್ಟೇ. ಆದರೆ ಮಧ್ಯಾಹ್ನ ಎರಡೆರಡು ಗಂಟೆ ಆ ಮಗು ಕ್ಲಬ್‌ನಲ್ಲಿ ಬಣ್ಣ ಬಳಿಯುತ್ತಾ ಕೂತಿತ್ತು. ಇದೇ ಪ್ರವಾಸ ಏಪ್ರಿಲ್‌ನಲ್ಲಿ ಆಗಿದ್ದರೆ ಆ ಎರಡು ಗಂಟೆ ಅಜ್ಜಿಯ ಪಾಲಿಗೆ ಬರುತ್ತಿತ್ತು.

ಅಜ್ಜಿ ವಿಷಯ ಸ್ವಲ್ಪ ಹೇಳಲೇಬೇಕು. ನಮ್ಮಲ್ಲಿ ಕ್ರೂಸ್‌ಗೆ ಅಜ್ಜಿ ತಾತನನ್ನು ಕರೆದುಕೊಂಡು ಹೋಗುವವರು ಬಹಳ, ತುಂಬಾ ಒಳ್ಳೆಯ ವಿಷಯ. ಆದರೆ "ಅಮ್ಮ ಇರ್ತಾರಲ್ಲ, ಪಾಪು ನೋಡ್ಕೋತಾರೆ" ಅಂತ ಮೊದಲೇ ತೀರ್ಮಾನ ಆಗಿಬಿಟ್ಟಿರುತ್ತದೆ. ಆಮೇಲೆ ಆಕೆ ಕಿಟಕಿ ಇಲ್ಲದ ಕ್ಯಾಬಿನ್‌ನಲ್ಲಿ ಮಲಗಿದ ಮಗುವಿನ ಪಕ್ಕ ಕೂತು ರಜೆ ಕಳೆಯುತ್ತಾರೆ. ಹಡಗಿನಲ್ಲಿ ದಿನದ ಕಾರ್ಯಕ್ರಮದ ಪಟ್ಟಿ ಆ್ಯಪ್‌ನಲ್ಲೋ ಕಾಗದದಲ್ಲೋ ಸಿಗುತ್ತದೆ. ಬೆಳಿಗ್ಗೆ ತಿಂಡಿಗೆ ಕೂತಾಗ ಅದನ್ನು ತೆಗೆದು, ಯಾರು ಯಾವ ಹೊತ್ತಿಗೆ ಚಿಕ್ಕದರ ಜೊತೆ ಅಂತ ಪಾಳಿ ಹಾಕಿಕೊಳ್ಳಿ. ಅಜ್ಜಿಗೆ ಸಂಜೆ ಶೋ ಖಾಯಂ ಬಿಡುವು. 14ರ ಮಗಳಿಗೂ ಅರ್ಧ ಗಂಟೆ ಪಾಳಿ ಇರಲಿ, ಅದಕ್ಕಿಂತ ಜಾಸ್ತಿ ಬೇಡ.

ಎತ್ತರ ಯಾಕೆ ಕೇಳುತ್ತೇನೆ ಅಂದರೆ, ಹಡಗಿನ ಆಟಗಳಿಗೆ ವಯಸ್ಸಿಗಿಂತ ಎತ್ತರದ ಮಿತಿಯೇ ಹೆಚ್ಚು. ಜಾಹೀರಾತಿನಲ್ಲಿ ಕಾಣುವ ಅಲೆಯ ಮೇಲಿನ ಸವಾರಿ, ರಾಯಲ್ ಕೆರಿಬಿಯನ್‌ನ ಫ್ಲೋರೈಡರ್, ಅದರಲ್ಲಿ ಹಲಗೆ ಮೇಲೆ ಮಲಗಿ ಹೋಗಲು 52 ಇಂಚು ಬೇಕು. ನಿಂತು ಹೋಗಲು 58 ಇಂಚು. ಎಂಟು ವರ್ಷದ ಹುಡುಗ ವಿಡಿಯೋ ನೋಡಿ ಮೂರು ತಿಂಗಳಿಂದ ಕಾಯುತ್ತಿರುತ್ತಾನೆ. ಅಲ್ಲಿ ಹೋದ ಮೇಲೆ ಅಳತೆಪಟ್ಟಿ ಹತ್ತಿರ ನಿಲ್ಲಿಸಿ ಇಲ್ಲ ಅಂದುಬಿಟ್ಟರೆ ಹೇಗಾಗಬೇಡ? ಮನೆಯಲ್ಲೇ ಅಳೆದು, ಯಾವುದು ಸಿಗುತ್ತದೆ, ಯಾವುದು ಸಿಗುವುದಿಲ್ಲ ಅಂತ ಮೊದಲೇ ಹೇಳಿ. ಮಕ್ಕಳು ಅದನ್ನು ಒಪ್ಪಿಕೊಳ್ಳುತ್ತಾರೆ.

ಆರು ತಿಂಗಳೊಳಗಿನ ಕೂಸನ್ನು ಸಾಮಾನ್ಯವಾಗಿ ಹಡಗು ಹತ್ತಿಸುವುದೇ ಇಲ್ಲ. ಸತತ ಮೂರು ದಿನ ಅಥವಾ ಹೆಚ್ಚು ಬಂದರು ಮುಟ್ಟದ ಉದ್ದ ಯಾನಗಳಿಗೆ ಒಂದು ವರ್ಷ ಆಗಿರಬೇಕು ಅನ್ನುವ ಕಂಪನಿಗಳೂ ಇವೆ. ಮನೆಯಲ್ಲಿ ಪುಟ್ಟ ಮಗು ಇದ್ದು ಹೇಗಾಗುತ್ತದೋ ಅನ್ನುವ ಅಳುಕಿದ್ದರೆ ಸಿಂಗಾಪುರದಿಂದ ಹೊರಡುವ ಹಡಗು ನಾನು ಹೇಳುವುದಿಲ್ಲ. ಮುಂಬೈನಿಂದ ಗೋವಾ ಕಡೆ ಹೋಗುವ ಎರಡು ಮೂರು ರಾತ್ರಿಯ ಕಾರ್ಡೀಲಿಯಾ ಕಂಪನಿಯ ಯಾನ ಸಾಕು. 2021ರಿಂದ ಓಡುತ್ತಿರುವ ಅದರ 'ಎಂಪ್ರೆಸ್' ಹಡಗು 1990ರಲ್ಲಿ ಕಟ್ಟಿದ್ದು, ಹೊಸ ಹಡಗುಗಳಷ್ಟು ದೊಡ್ಡದಲ್ಲ. ಪುಟ್ಟ ಮಕ್ಕಳಿರುವವರಿಗೆ ಅದೇ ಅನುಕೂಲ, ನಡಿಗೆ ಕಡಿಮೆ. ವೀಸಾದ ಗೊಡವೆಯೂ ಇಲ್ಲ.

ಇನ್ನು ಕ್ಯಾಬಿನ್. ಸಾಧಾರಣ ಕ್ಯಾಬಿನ್‌ನಲ್ಲಿ ಹೆಚ್ಚೆಂದರೆ ನಾಲ್ಕು ಜನ. ಮೂರನೆಯವರು, ನಾಲ್ಕನೆಯವರಿಗೆ ಸೋಫಾ ಅಥವಾ ಚಾವಣಿಯಿಂದ ಇಳಿಸುವ ಮೇಲಿನ ಹಾಸಿಗೆ. ರೈಲಿನ ಅಪ್ಪರ್ ಬರ್ತ್ ಹಾಗೆಯೇ ಇರುತ್ತದೆ, ಆದರೆ 6 ವರ್ಷದೊಳಗಿನವರನ್ನು ಅಲ್ಲಿ ಮಲಗಿಸಬೇಡಿ ಅನ್ನುವುದು ಬಹಳ ಹಡಗುಗಳ ನಿಯಮ. ತೊಟ್ಟಿಲಿನಂಥ ಮಡಚುವ ಮಂಚ ಕೇಳಿದರೆ ಕೊಡುತ್ತಾರೆ. ಅದನ್ನು ಬಿಡಿಸಿದ ಮೇಲೆ ನೆಲ ಕಾಣುವುದಿಲ್ಲ, ಅಷ್ಟೇ.

ಐದು ಜನ ಆದರೆ ಎರಡು ಕ್ಯಾಬಿನ್ ತೆಗೆದುಕೊಳ್ಳಿ. ನಡುವೆ ಒಳಬಾಗಿಲು ಇರುವ 'ಕನೆಕ್ಟಿಂಗ್' ಕ್ಯಾಬಿನ್ ಬೇಕು ಅಂತ ಸ್ಪಷ್ಟವಾಗಿ ಹೇಳಿ. ಸುಮ್ನೆ "ಪಕ್ಕಪಕ್ಕ ಕೊಡಿ" ಅಂದರೆ ಒಳಬಾಗಿಲು ಇಲ್ಲದ ಎರಡು ಕ್ಯಾಬಿನ್ ಸಿಗಬಹುದು. ಬುಕಿಂಗ್ ಕಾಗದದಲ್ಲಿ ಅಪ್ಪನ ಹೆಸರು ಒಂದರಲ್ಲಿ, ಅಮ್ಮನ ಹೆಸರು ಇನ್ನೊಂದರಲ್ಲಿ ಹಾಕಿಸುತ್ತೇವೆ, ಯಾಕೆಂದರೆ ಪ್ರತಿ ಕ್ಯಾಬಿನ್‌ಗೂ ಒಬ್ಬರು ದೊಡ್ಡವರು ಬೇಕು. ಹಡಗು ಹತ್ತಿದ ಮೇಲೆ ಗೆಸ್ಟ್ ಸರ್ವೀಸ್ ಕೌಂಟರಿನಲ್ಲಿ ಇನ್ನೊಂದು ಕೀ ಕಾರ್ಡ್ ಕೇಳಿ, ನಿಮಗೆ ಬೇಕಾದ ಹಾಗೆ ಮಲಗಿಕೊಳ್ಳಿ.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಹಡಗಿನಲ್ಲಿ ಕ್ಯಾಬಿನ್ ಖಾಲಿ ಇದ್ದರೂ "ಮೂರನೆಯವರಿಗೆ ಜಾಗ ಇಲ್ಲ" ಅನ್ನುವ ಉತ್ತರ ಬರಬಹುದು. ಕಾರಣ ಲೈಫ್‌ಬೋಟ್. ಹಡಗಿನ ಒಂದೊಂದು ಭಾಗಕ್ಕೆ ಇಂತಿಷ್ಟು ಜನ ಅಂತ ತುರ್ತು ಲೆಕ್ಕ ಇರುತ್ತದೆ. ತೊಡೆ ಮೇಲಿನ ಕೂಸೂ ಅದರಲ್ಲಿ ಪೂರ್ತಿ ಒಂದು ತಲೆ. ಹಾಗಾಗಿ ನಾಲ್ಕು ಜನರ ಕ್ಯಾಬಿನ್‌ಗಳು ಮೊದಲು ಮುಗಿಯುತ್ತವೆ. ಇಬ್ಬರೇ ಹೋಗುವವರು ಕೊನೇ ಗಳಿಗೆಯ ರಿಯಾಯಿತಿಗೆ ಕಾಯಬಹುದು. ಮಕ್ಕಳಿರುವವರು ಏಪ್ರಿಲ್ ಯಾನಕ್ಕೆ ದಸರಾ ಹೊತ್ತಿಗೇ ಬುಕ್ ಮಾಡುವುದು ಕ್ಷೇಮ.

ಆಗಲೇ ಪಾಸ್‌ಪೋರ್ಟೂ ತೆಗೆದು ನೋಡಿ. ನಮ್ಮದು 10 ವರ್ಷಕ್ಕೆ ಬರುತ್ತದೆ, ಮಕ್ಕಳದು ಸಾಮಾನ್ಯವಾಗಿ 5 ವರ್ಷಕ್ಕೇ ಮುಗಿಯುತ್ತದೆ. ಮೂರು ಮಕ್ಕಳ ಪಾಸ್‌ಪೋರ್ಟ್ ಮೂರು ಬೇರೆ ವರ್ಷ ಮುಗಿಯುತ್ತಿರುತ್ತವೆ. ಪ್ರವಾಸ ಮುಗಿಯುವ ದಿನಕ್ಕೂ ಎಲ್ಲದರಲ್ಲೂ ಆರು ತಿಂಗಳು ಬಾಕಿ ಇರಬೇಕು. ಸಿಂಗಾಪುರದಿಂದ ಹೊರಟ ಹಡಗು ಮಲೇಷ್ಯಾದ ಪೆನಾಂಗ್ ಅಥವಾ ಥಾಯ್ಲೆಂಡ್‌ನ ಫುಕೆಟ್ ಮುಟ್ಟಿ ಮತ್ತೆ ಸಿಂಗಾಪುರಕ್ಕೇ ಬರುತ್ತದೆ. ಅಂದರೆ ನೀವು ಸಿಂಗಾಪುರಕ್ಕೆ ಎರಡು ಸಲ ಕಾಲಿಡುತ್ತೀರಿ, ಅಲ್ಲಿನ ವೀಸಾ ಮಲ್ಟಿಪಲ್ ಎಂಟ್ರಿ ಆಗಿರಬೇಕು.

ವಾಂತಿ ಭಯ ಎಲ್ಲರಿಗೂ ಇರುತ್ತದೆ. ಸಿಂಗಾಪುರ–ಪೆನಾಂಗ್ ದಾರಿ ಮಲಕ್ಕಾ ಜಲಸಂಧಿಯಲ್ಲಿ ಹೋಗುತ್ತದೆ. ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲೇಷ್ಯಾ ಅಡ್ಡ ಇರುವುದರಿಂದ ನೀರು ಹೆಚ್ಚಾಗಿ ಶಾಂತ. ನಮ್ಮ ಅರಬ್ಬೀ ಸಮುದ್ರ ಏಪ್ರಿಲ್‌ನಲ್ಲಿ ಪರವಾಗಿಲ್ಲ, ಮೇ ಕೊನೆಗೆ ಮಳೆಗಾಲದ ಅಲೆ ಏಳುತ್ತದೆ. ಚೆನ್ನೈ ಕಡೆಯಿಂದ ಹೋಗುವವರು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು, ಚಂಡಮಾರುತ ನೆನಪಿಟ್ಟುಕೊಳ್ಳಿ. ಹಡಗು ತೂಗುವುದು ಜಾಸ್ತಿ ಕಾಡುವುದು 2ರಿಂದ 12 ವರ್ಷದವರನ್ನು. ಎರಡರೊಳಗಿನ ಕೂಸುಗಳಿಗೆ ಅಪರೂಪ. ಕೆಳಗಿನ ಡೆಕ್‌ನಲ್ಲಿ, ಹಡಗಿನ ನಡುಭಾಗದ ಕ್ಯಾಬಿನ್ ಹಿಡಿದರೆ ಅಲುಗಾಟ ಕಡಿಮೆ. ತಲೆಸುತ್ತು ಅಂದ ಮಗುವನ್ನು ಡೆಕ್‌ಗೆ ಕರೆತಂದು ದೂರದ ದಿಗಂತ ನೋಡಲು ಹೇಳಿ, ಮೊಬೈಲ್ ಕಸಿದುಕೊಳ್ಳಿ. ಮಾತ್ರೆ ಮಾತ್ರ ನಿಮ್ಮ ಮಕ್ಕಳ ಡಾಕ್ಟರ್ ಹೇಳಿದ ಅಳತೆಯಲ್ಲೇ ಕೊಡಿ. ಬಸ್ ಪ್ರಯಾಣಕ್ಕೆ ನಾವು ನುಂಗುವ ಪ್ರೊಮೆಥಜೀನ್ ಮಾತ್ರೆಯನ್ನು 2 ವರ್ಷದೊಳಗಿನವರಿಗೆ ಕೊಡಲೇಬಾರದು. ಇನ್ನೊಂದು, ಹಡಗಿನಲ್ಲಿ ಹರಡುವ ವಾಂತಿಭೇದಿಯ ನೊರೋವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಸಿ.

ಊಟದ ವಿಷಯಕ್ಕೆ ತಾಯಂದಿರ ಮೊದಲ ಪ್ರಶ್ನೆ, ರಾಗಿ ಸರಿ ಮಾಡಿಕೊಳ್ಳಲು ಕೆಟಲ್ ಒಯ್ಯಬಹುದಾ ಅಂತ. ಆಗುವುದಿಲ್ಲ. ಕೆಟಲ್, ಇಸ್ತ್ರಿ ಪೆಟ್ಟಿಗೆ, ರೈಸ್ ಕುಕ್ಕರ್ ಯಾವುದನ್ನೂ ಬಿಡುವುದಿಲ್ಲ. ಸಮುದ್ರದ ಮಧ್ಯೆ ಬೆಂಕಿಗಿಂತ ದೊಡ್ಡ ಅಪಾಯ ಇಲ್ಲ, ಅದಕ್ಕೆ ಈ ಕಟ್ಟುನಿಟ್ಟು. ಸ್ಕ್ಯಾನರ್‌ನಲ್ಲಿ ಸಿಕ್ಕಿದ್ದನ್ನು ಎತ್ತಿಟ್ಟು ಇಳಿಯುವಾಗ ಕೊಡುತ್ತಾರೆ. ಮನೆಯಲ್ಲಿ ಮಾಡಿದ ತಿಂಡಿಗೂ ಬಹಳ ಕಡೆ ತಡೆ ಇದೆ. ಸೀಲ್ ಇರುವ ಪೊಟ್ಟಣದ, ಬಿಸಿನೀರಲ್ಲಿ ಕಲಸಿದರೆ ಆಗುವ ಮಗುವಿನ ಆಹಾರ ತೆಗೆದುಕೊಂಡು ಹೋಗಿ. ಸಿಂಗಾಪುರದ ಹಡಗುಗಳಲ್ಲಿ ಭಾರತೀಯ ಸಸ್ಯಾಹಾರ ಸಿಗುತ್ತದೆ. ಈರುಳ್ಳಿ ಬೆಳ್ಳುಳ್ಳಿ ಬೇಡದವರು ಬುಕಿಂಗ್ ಹೊತ್ತಿಗೇ ಬರೆಸಬೇಕು. ಡೈನಿಂಗ್ ಹಾಲ್‌ನಲ್ಲಿ ದಿನಾ ಅದೇ ಟೇಬಲ್, ಅದೇ ವೇಟರ್ ಇದ್ದರೆ, ಮೊದಲ ರಾತ್ರಿಯೇ ಅವರಿಗೆ ಚಿಕ್ಕದಕ್ಕೆ ಖಾರ ಇಲ್ಲದ ಅನ್ನ, ಬೇಳೆ, ಮೊಸರು ಬೇಕು ಅಂತ ಹೇಳಿ. ಮಾರನೇ ದಿನ ನೀವು ಕೂರುವ ಮೊದಲೇ ತಂದಿಡುತ್ತಾರೆ.

ಟೀನ್ ವಯಸ್ಸಿನವರ ಚಿಂತೆ ಬೇರೆ. ಅವರ ಕ್ಲಬ್‌ನಲ್ಲಿ ಬರುವ ಹೋಗುವ ಲೆಕ್ಕ ಇಡುವುದಿಲ್ಲ. ಮೊದಲ ಸಂಜೆಯೇ ಹೋಗಲು ಹೇಳಿ, ಅವತ್ತೇ ಗೆಳೆತನ ಕೂಡುವುದು. ಮೂರನೇ ದಿನ ಹೋದವರು ಮೂಲೆಯಲ್ಲಿ ನಿಲ್ಲಬೇಕಾಗುತ್ತದೆ. ಬೇರೆಯವರ ಕ್ಯಾಬಿನ್ ಒಳಗೆ ಹೋಗುವ ಹಾಗಿಲ್ಲ, ನಮ್ಮ ಕ್ಯಾಬಿನ್‌ಗೆ ಯಾರನ್ನೂ ಕರೆಯುವ ಹಾಗಿಲ್ಲ, ರಾತ್ರಿ ಊಟ ಎಲ್ಲರೂ ಒಟ್ಟಿಗೆ. ಈ ಮೂರು ಮಾತು ಹೊರಡುವ ಮೊದಲೇ ಆಡಿ ಮುಗಿಸಿ. ಎಲ್ಲರ ಫೋನೂ ಫ್ಲೈಟ್ ಮೋಡ್‌ನಲ್ಲಿರಲಿ, ಹಡಗಿನ ವೈಫೈ ಮಾತ್ರ ಹಾಕಿ. ಇಲ್ಲದಿದ್ದರೆ ಫೋನ್ ತಾನಾಗಿಯೇ ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದು, ಊರಿಗೆ ಬಂದ ಮೇಲೆ ದೊಡ್ಡ ಬಿಲ್ ಬರುತ್ತದೆ.

ಸುರಕ್ಷತೆಯಲ್ಲಿ ಮೂರು ವಿಷಯಕ್ಕೆ ನಾನು ರಾಜಿ ಆಗುವುದಿಲ್ಲ. ಒಂದು, ತುರ್ತು ಅಭ್ಯಾಸ, ಅಂದರೆ ಅಪಾಯ ಬಂದರೆ ಏನು ಮಾಡಬೇಕು ಅನ್ನುವ ಡ್ರಿಲ್. 2012ರ ಕೋಸ್ಟಾ ಕಾಂಕಾರ್ಡಿಯಾ ಕ್ರೂಸ್ ಹಡಗಿನ ದುರಂತದ ನಂತರ ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಇದನ್ನು ಮಾಡಲೇಬೇಕು ಅಂತ ಅಂತರರಾಷ್ಟ್ರೀಯ ನಿಯಮ ಬಂದಿದೆ. ಏಳು ಚಿಕ್ಕ ಸೀಟಿ, ಒಂದು ಉದ್ದ ಸೀಟಿ, ಅದು ಸೂಚನೆ. ಆ ಹೊತ್ತಿಗೆ ಮಗು ಕ್ಲಬ್‌ನಲ್ಲಿದ್ದರೆ ಯಾರು ಎಲ್ಲಿಗೆ ಕರೆತರುತ್ತಾರೆ ಅಂತ ಕ್ಲಬ್‌ನವರನ್ನೇ ಕೇಳಿ. ಮಕ್ಕಳ ಅಳತೆಯ ಲೈಫ್‌ಜಾಕೆಟ್ ಕ್ಯಾಬಿನ್‌ನಲ್ಲಿ ಇಲ್ಲದಿದ್ದರೆ ಅವತ್ತೇ ತರಿಸಿ. ಎರಡು, ಎಷ್ಟೋ ಹಡಗುಗಳ ಕೊಳದ ಬಳಿ ಜೀವರಕ್ಷಕರು ಇರುವುದಿಲ್ಲ. ಕೈಗೆಟಕುವ ದೂರದಲ್ಲಿ ಅಪ್ಪನೋ ಅಮ್ಮನೋ ಇರಬೇಕು. ಮೂರು, ಬಾಲ್ಕನಿ ಇರುವ ಕ್ಯಾಬಿನ್ ಆದರೆ ಕುರ್ಚಿ, ಟೇಬಲ್‌ಗಳನ್ನು ಕಟಕಟೆಯಿಂದ ದೂರ ಎಳೆದಿಡಿ. ಆರರೊಳಗಿನ ಮಗು ಇದ್ದರೆ ಬಾಲ್ಕನಿಯೇ ಬೇಡ, ದೊಡ್ಡ ಕಿಟಕಿಯ ಕ್ಯಾಬಿನ್ ಸಾಕು ಅನ್ನುವುದು ನನ್ನ ಸಲಹೆ.

ಇಳಿಯುವ ಊರುಗಳಲ್ಲಿ ಎಲ್ಲರನ್ನೂ ಎಳೆದುಕೊಂಡು ಹೋಗಲೇಬೇಕು ಅಂತಿಲ್ಲ. ಪೆನಾಂಗ್‌ನಲ್ಲಿ ಹಡಗು ನಿಲ್ಲುವ ಸ್ವೆಟನ್‌ಹ್ಯಾಮ್ ಧಕ್ಕೆಯಿಂದ ಜಾರ್ಜ್‌ಟೌನ್‌ನ ಹಳೇ ಬೀದಿಗಳಿಗೆ ನಡೆದೇ ಹೋಗಬಹುದು, ಲಿಟಲ್ ಇಂಡಿಯಾದಲ್ಲಿ ದೋಸೆಯೂ ಸಿಗುತ್ತದೆ. ತಳ್ಳುಗಾಡಿಯ ಮಗುವಿಗೂ ಇದು ಆಗುವ ಊರು. ಕೌಲಾಲಂಪುರಕ್ಕೆ ಹತ್ತಿರದ ಬಂದರು ಪೋರ್ಟ್ ಕ್ಲಾಂಗ್ ಹಾಗಲ್ಲ. ಅಲ್ಲಿಂದ ನಗರಕ್ಕೆ ಬಸ್ಸಿನಲ್ಲಿ ಗಂಟೆಗಟ್ಟಲೆ ಕೂತು, ಪೆಟ್ರೋನಾಸ್ ಟವರ್ ಮುಂದೆ ಫೋಟೋ ತೆಗೆದು ವಾಪಸ್ ಓಡಬೇಕು. ಅವತ್ತು ಅಪ್ಪ ಅಮ್ಮನಲ್ಲಿ ಒಬ್ಬರು ದೊಡ್ಡ ಮಕ್ಕಳನ್ನು ಕರೆದುಕೊಂಡು ಹೋಗಲಿ, ಇನ್ನೊಬ್ಬರು ಚಿಕ್ಕದರ ಜೊತೆ ಖಾಲಿ ಹಡಗಿನಲ್ಲಿ ಉಳಿಯಲಿ. ಕೊಳದಲ್ಲಿ, ಆಟದ ಜಾಗದಲ್ಲಿ ನೂಕುನುಗ್ಗಲೇ ಇರುವುದಿಲ್ಲ. ಸ್ವಂತವಾಗಿ ಟ್ಯಾಕ್ಸಿ ಮಾಡಿಕೊಂಡು ಹೋದವರಿಗೆ ಹಡಗು ಕಾಯುವುದಿಲ್ಲ ಅನ್ನುವುದೂ ತಲೆಯಲ್ಲಿರಲಿ. ಹತ್ತುವ ಗಡುವಿಗಿಂತ ಒಂದೂವರೆ ಗಂಟೆ ಮುಂಚೆ ಧಕ್ಕೆಯಲ್ಲಿರಿ.

ಕೊನೆಯದಾಗಿ ಕೈಚೀಲ. ಹತ್ತುವ ದಿನ ದೊಡ್ಡ ಸೂಟ್‌ಕೇಸ್ ಕ್ಯಾಬಿನ್ ಮುಟ್ಟುವುದು ಸಂಜೆಯಾಗಬಹುದು. ಮಕ್ಕಳ ಈಜುಡುಗೆ, ಔಷಧ, ಡೈಪರ್ ನಿಮ್ಮ ಕೈಯಲ್ಲೇ ಇರಲಿ. ಇಳಿಯುವ ಹಿಂದಿನ ರಾತ್ರಿ ಸೂಟ್‌ಕೇಸ್‌ಗಳನ್ನು ಬಾಗಿಲ ಹೊರಗೆ ಇಡಲು ಹೇಳುತ್ತಾರೆ, ಬೆಳಗಾಗುವುದರೊಳಗೆ ಒಯ್ದುಬಿಡುತ್ತಾರೆ. ಬೆಳಿಗ್ಗೆ ಹಾಕಿಕೊಳ್ಳುವ ಬಟ್ಟೆ, ಚಪ್ಪಲಿ, ಎಲ್ಲರ ಪಾಸ್‌ಪೋರ್ಟ್ ಮೊದಲೇ ತೆಗೆದಿಟ್ಟುಕೊಂಡು, ಆಮೇಲೆ ಸೂಟ್‌ಕೇಸ್ ಹೊರಗಿಡಿ.