24 ವೋಲ್ಟಿನ ನೀಲಿ ಚುಕ್ಕೆ

ಮೈಸೂರಿನಲ್ಲಿ ಇನ್‌ಸ್ಟ್ರುಮೆಂಟ್ ತಂತ್ರಜ್ಞರಿಗೆ ತರಬೇತಿ ಕೊಡುವಾಗ ಮೊದಲ ದಿನವೇ ನಾನು ಒಂದು ಪ್ರಯೋಗ ಮಾಡಿಸುತ್ತೇನೆ. ಕಿಟಕಿಗಳಿಗೆ ಕಪ್ಪು ಬಟ್ಟೆ ಇಳಿಬಿಟ್ಟು ದೀಪ ಆರಿಸುತ್ತೇನೆ. ಮೇಜಿನ ಮೇಲೆ 24 ವೋಲ್ಟಿನ ಡಿಸಿ ಪವರ್ ಸಪ್ಲೈ ಇರುತ್ತದೆ, ಪಕ್ಕದಲ್ಲಿ ವಿದ್ಯುತ್ತಿನಿಂದ ತೆರೆದು ಮುಚ್ಚುವ ಒಂದು ಸೊಲೆನಾಯ್ಡ್ ವಾಲ್ವಿನ ಕಾಯಿಲ್, ಅಂದರೆ ತಂತಿಯ ಸುರುಳಿ. ಮುಂದಿನ ಬೆಂಚಿನ ಹುಡುಗನನ್ನು ಕರೆದು ಸಪ್ಲೈಯ ಎರಡು ತುದಿಗಳನ್ನು ಬೆರಳಿನಿಂದ ಮುಟ್ಟಲು ಹೇಳುತ್ತೇನೆ. ಮುಟ್ಟುತ್ತಾನೆ. ಏನೂ ಆಗುವುದಿಲ್ಲ. ಆಮೇಲೆ ಕಾಯಿಲನ್ನು ಜೋಡಿಸಿ, ತಂತಿಯ ಪ್ಲಾಸ್ಟಿಕ್ ಹೊದಿಕೆಯನ್ನು ಹಿಡಿದು ಎಳೆ ಎನ್ನುತ್ತೇನೆ. ಚಟ್ ಎಂಬ ಸಣ್ಣ ಸದ್ದು, ಕತ್ತಲಲ್ಲಿ ಸಾಸಿವೆಯಷ್ಟೂ ದೊಡ್ಡದಲ್ಲದ ಒಂದು ನೀಲಿ ಚುಕ್ಕೆ. ಇಡೀ ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ.

ಕೈಗೆ ತಿಳಿಯದೇ ಹೋದ ವಿದ್ಯುತ್ತು ಗಾಳಿಗೆ ತಿಳಿಯಿತು. ಈ ಲೇಖನದಲ್ಲಿ ನಾನು ಹೇಳಬೇಕಾದದ್ದು ಇದನ್ನೇ. ‘ಶಾಕ್ ಹೊಡೆಯದ ಕರೆಂಟಿನಿಂದ ಅಪಾಯವಿಲ್ಲ’ ಎಂಬ ನಂಬಿಕೆ ನಮ್ಮ ಕಾರ್ಖಾನೆಗಳಲ್ಲಿ ಎಷ್ಟು ಆಳವಾಗಿ ಬೇರು ಬಿಟ್ಟಿದೆಯೆಂದರೆ, ಅನುಭವಿಗಳೂ ಅದನ್ನು ಪ್ರಶ್ನಿಸುವುದಿಲ್ಲ.

ಮಂಡ್ಯ ಎಂದರೆ ಕಬ್ಬು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಇಲ್ಲಿ ಹುಟ್ಟಿದ ಮೇಲೆ ಊರಿನ ಬದುಕೇ ಗಾಣದ ಸುತ್ತ ತಿರುಗಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುಳಿಸಿ ಬಟ್ಟಿ ಇಳಿಸಿದರೆ ಎಥೆನಾಲ್. ಪೆಟ್ರೋಲಿಗೆ ಎಥೆನಾಲ್ ಬೆರೆಸಲು ಶುರುವಾದಂದಿನಿಂದ ಅದಕ್ಕೆ ಇನ್ನಿಲ್ಲದ ಬೇಡಿಕೆ. ಹೊಸ ಡಿಸ್ಟಿಲರಿಗಳಲ್ಲಿ ವಾಲ್ವ್, ಮಟ್ಟ, ಉಷ್ಣತೆ, ಒತ್ತಡ ಎಲ್ಲದರ ಸುದ್ದಿಯೂ ಸ್ಥಾವರದ ನಡುವೆಯೇ ನಿಂತ ಒಂದು ಪ್ಯಾನೆಲ್ಲಿಗೆ ಬರುತ್ತದೆ. ಅಲ್ಲಿ ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಒಂದು ನೆಟ್‌ವರ್ಕ್ ಅಡಾಪ್ಟರ್ ಮಾಡ್ಯೂಲ್ ಅದನ್ನೆಲ್ಲ ಕೂಡಿಸಿ ಒಂದೇ ಕೇಬಲ್ಲಿನಲ್ಲಿ ಕಂಟ್ರೋಲ್ ರೂಮಿಗೆ ಕಳಿಸುತ್ತದೆ.

ಕೆಲವು ವರ್ಷಗಳ ಹಿಂದೆ ಅಂಥ ಒಂದು ಕಡೆ ಹೋಗಿದ್ದೆ. ಅಡಾಪ್ಟರಿನ ಕೆಂಪು ದೀಪ ಮಿನುಗುತ್ತಿತ್ತು. ಜೊತೆಗಿದ್ದ ತಂತ್ರಜ್ಞರು ಪ್ಯಾನೆಲ್ ಬಾಗಿಲು ತೆರೆದು, ಕರೆಂಟ್ ಆರಿಸದೆಯೇ ಮಾಡ್ಯೂಲನ್ನು ಅದು ಕೂರುವ ಲೋಹದ ಪಟ್ಟಿಯಿಂದ, ಅಂದರೆ ರೈಲಿನಿಂದ, ಸರಕ್ಕನೆ ಎಳೆದು ಮತ್ತೆ ಒತ್ತಿದರು. ನಾನು ಬೆಚ್ಚಿಬಿದ್ದೆ. ‘ಸಾರ್, 24 ವೋಲ್ಟ್ ತಾನೇ?’ ಎಂದು ಅವರು ಸಮಾಧಾನ ಹೇಳಿದರು. ಅಂದು ಗಾಳಿಯಲ್ಲಿ ಆವಿ ಇರಲಿಲ್ಲ. ಅಷ್ಟೇ.

ಇದ್ದಿದ್ದರೆ? ಗಾಳಿಯಲ್ಲಿ ಎಥೆನಾಲ್ ಆವಿ ಶೇಕಡಾ 3.3ಕ್ಕಿಂತ ಕಡಿಮೆ ಇದ್ದರೆ ಬೆಂಕಿ ಹರಡುವಷ್ಟು ಇಂಧನವಿಲ್ಲ, ಶೇಕಡಾ 19ಕ್ಕಿಂತ ಹೆಚ್ಚಿದ್ದರೆ ಉರಿಯುವಷ್ಟು ಆಮ್ಲಜನಕವಿಲ್ಲ. ನಡುವಿನದೆಲ್ಲ ಅಪಾಯ. ಮುಚ್ಚಿದ ಪೆಟ್ರೋಲ್ ಟ್ಯಾಂಕಿನೊಳಗೆ ಆವಿ ಸಾಮಾನ್ಯವಾಗಿ ಎಷ್ಟು ದಟ್ಟವೆಂದರೆ ಅಲ್ಲಿ ಬೆಂಕಿ ಹತ್ತುವುದಿಲ್ಲ. ಎಥೆನಾಲ್ ಹಾಗಲ್ಲ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುಚ್ಚಿದ ಟ್ಯಾಂಕಿನ ಮೇಲ್ಭಾಗದ ಗಾಳಿಯಲ್ಲಿ ಅದರ ಆವಿ ಸುಮಾರು ಶೇಕಡಾ 10ರಷ್ಟಿರುತ್ತದೆ, ಅಂದರೆ ಅಪಾಯದ ವ್ಯಾಪ್ತಿಯ ನಟ್ಟನಡುವೆ. ನಮ್ಮ ಮಂಡ್ಯದ ಸಾಧಾರಣ ಮಧ್ಯಾಹ್ನವೇ ಎಥೆನಾಲಿಗೆ ಅತಿ ಕೆಟ್ಟ ಹವೆ. ಆ ಆವಿ ಗಾಳಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರ. ಸೋರಿದರೆ ಮೇಲೆ ಹಾರಿಹೋಗದೆ ನೆಲ ಹಿಡಿದು ಹರಿಯುತ್ತದೆ, ಕೇಬಲ್ ಹಾಕಿದ ಕಾಲುವೆಗೆ ಇಳಿದು ಪ್ಯಾನೆಲ್ಲಿನ ಬುಡಕ್ಕೇ ಬಂದು ನಿಲ್ಲುತ್ತದೆ.

ಹೊತ್ತಿಕೊಳ್ಳಲು ಅದಕ್ಕೆ ಬೇಕಾದ ಶಕ್ತಿ ಎಷ್ಟು? ಅನುಕೂಲವಾದ ಮಿಶ್ರಣವಿದ್ದರೆ ಸುಮಾರು 0.28 ಮಿಲಿಜೌಲ್. ಒಂದು ಅಕ್ಕಿ ಕಾಳು ಎದೆಯೆತ್ತರದಿಂದ ನೆಲಕ್ಕೆ ಬಿದ್ದಾಗ ಹೊರಬೀಳುವ ಶಕ್ತಿ ಹೆಚ್ಚುಕಡಿಮೆ ಅಷ್ಟೇ. ಅಕ್ಕಿ ಬಿದ್ದರೆ ಬೆಂಕಿ ಹತ್ತುವುದಿಲ್ಲವಲ್ಲ ಎಂದು ಕೇಳಬಹುದು. ಅಲ್ಲಿ ಶಕ್ತಿ ನೆಲದಲ್ಲಿ ಚದುರಿಹೋಗುತ್ತದೆ. ಕಿಡಿಯಲ್ಲಿ ಅದೇ ಶಕ್ತಿ ಗುಂಡುಸೂಜಿಯ ತುದಿಯಷ್ಟು ಜಾಗದಲ್ಲಿ ಕಣ್ಣೆವೆ ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಸುರಿಯುತ್ತದೆ. ಆಲೆಮನೆಯ ಒಲೆಗೆ ಬೆಂಕಿ ಹಚ್ಚಿದವರಿಗೆ ಇದು ಗೊತ್ತು: ಒಂದು ಹಿಡಿ ಒಣ ತರಗು ಚೆನ್ನಾಗಿ ಹೊತ್ತಿಕೊಂಡರೆ ಸಾಕು, ಪಕ್ಕದ ಸಿಪ್ಪೆಯನ್ನು ಅದೇ ಕಾಯಿಸಿಕೊಳ್ಳುತ್ತದೆ.

ಈಗ ಆ ನೀಲಿ ಚುಕ್ಕೆಗೆ ಬರೋಣ. ಇದು ನನ್ನ ಅಚ್ಚುಮೆಚ್ಚಿನ ವಿಷಯ, ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮುಟ್ಟಿದಾಗ ಸುಮ್ಮನಿದ್ದ 24 ವೋಲ್ಟು ಬಿಡಿಸಿದಾಗ ಏಕೆ ಕಿಡಿಯಾಯಿತು? ತೋಟದ ಪಂಪ್‌ಸೆಟ್ಟಿನಿಂದ ನೀರು ಭರದಿಂದ ಹರಿಯುತ್ತಿರುವಾಗ ಬಾಲ್ ವಾಲ್ವನ್ನು ಒಮ್ಮೆಲೇ ತಿರುಗಿಸಿ ಮುಚ್ಚಿ ನೋಡಿ. ಪೈಪು ಧಡ್ ಎಂದು ಅದುರುತ್ತದೆ, ಹಳೆಯ ಪೈಪಾದರೆ ಬಿರಿಯುತ್ತದೆ. ಪಂಪಿನ ಒತ್ತಡ ಪೈಪು ಒಡೆಯುವಷ್ಟು ಇರಲಿಲ್ಲ. ಒಡೆದದ್ದು ಹರಿಯುತ್ತಿದ್ದ ನೀರಿನ ಓಟ. ಕಾಯಿಲಿನೊಳಗೆ ಹರಿಯುವ ವಿದ್ಯುತ್ತೂ ಹಾಗೆಯೇ. ಸುತ್ತ ಕಟ್ಟಿಕೊಂಡ ಕಾಂತಕ್ಷೇತ್ರ ಅದಕ್ಕೆ ಓಟ ಕೊಟ್ಟಿರುತ್ತದೆ. ಕಬ್ಬು ತುಂಬಿದ ಟ್ರೈಲರ್ ಇಳಿಜಾರಿನಲ್ಲಿ ಬರುವಾಗ ಟ್ರ್ಯಾಕ್ಟರಿಗೆ ಬ್ರೇಕ್ ಒತ್ತಿದರೂ ಹಿಂದಿನ ಹೊರೆ ತಳ್ಳುತ್ತಲೇ ಇರುತ್ತದೆ. ತಿರುಗುವ ಬುಗುರಿಯನ್ನು ಅಂಗೈಯಲ್ಲಿ ಅದುಮಿದರೆ ಅಂಗೈ ಬಿಸಿಯಾಗುತ್ತದೆ. ಓಟವನ್ನು ನಿಲ್ಲಿಸಬಹುದು, ಅದರ ಶಕ್ತಿಯನ್ನು ಇಲ್ಲವಾಗಿಸಲಾಗದು. ತಂತಿ ಕಳಚಿದ ಕ್ಷಣದಲ್ಲಿ ಆ ಶಕ್ತಿಗೆ ಬೇರೆ ದಾರಿಯಿಲ್ಲದೆ ಕಾಯಿಲಿನ ವೋಲ್ಟೇಜು ನೂರಾರು ವೋಲ್ಟಿಗೆ ಜಿಗಿದು, ನಡುವಿನ ಕೂದಲೆಳೆಯಷ್ಟು ಗಾಳಿಯನ್ನು ಸೀಳಿಕೊಂಡು ಹಾರುತ್ತದೆ.

ಲೆಕ್ಕವೂ ಸುಲಭ. ಕಾಯಿಲಿನ ಇಂಡಕ್ಟನ್ಸನ್ನು, ಅಂದರೆ ಕಾಂತಕ್ಷೇತ್ರದಲ್ಲಿ ಶಕ್ತಿ ಕೂಡಿಡುವ ಅದರ ಗುಣದ ಅಳತೆಯನ್ನು, ಕರೆಂಟಿನ ವರ್ಗದಿಂದ ಗುಣಿಸಿ ಅರ್ಧ ಮಾಡಬೇಕು. 20 ಮಿಲಿಹೆನ್ರಿಯ ಕಾಯಿಲಿನಲ್ಲಿ ಅರ್ಧ ಆಂಪಿಯರ್ ಹರಿಯುತ್ತಿದ್ದರೆ 2.5 ಮಿಲಿಜೌಲ್. ಎಥೆನಾಲಿಗೆ ಬೇಕಾದದ್ದರ ಸುಮಾರು ಒಂಬತ್ತರಷ್ಟು! ಈ ಲೆಕ್ಕದಲ್ಲಿ ವೋಲ್ಟೇಜು ಎಲ್ಲಿಯೂ ಕಾಣಿಸುವುದೇ ಇಲ್ಲ ಎಂಬುದನ್ನು ಗಮನಿಸಿ. ‘24 ತಾನೇ’ ಎನ್ನುವವರು ತಪ್ಪು ಅಂಕಿಯನ್ನು ಹಿಡಿದುಕೊಂಡಿದ್ದಾರೆ.

ಈ ಪಾಠಕ್ಕೆ ಮನುಷ್ಯ ಕೊಟ್ಟ ಬೆಲೆ ದೊಡ್ಡದು. 1913ರ ಅಕ್ಟೋಬರ್ 14ರಂದು ವೇಲ್ಸ್‌ನ ಸೆಂಗೆನಿತ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 439 ಗಣಿಗಾರರು ಸತ್ತರು. ಅವರನ್ನು ಉಳಿಸಲು ಹೋದ ಒಬ್ಬರೂ ಮರಳಲಿಲ್ಲ. ಸುರಂಗದ ಉದ್ದಕ್ಕೂ ಎರಡು ಬರಿ ತಂತಿಗಳನ್ನು ಎಳೆದು, ಅವನ್ನು ಒಂದಕ್ಕೊಂದು ತಾಗಿಸಿ ದೂರದ ವಿದ್ಯುತ್ ಗಂಟೆ ಬಾರಿಸುವ ಪದ್ಧತಿ ಆಗ ಗಣಿಗಳಲ್ಲಿತ್ತು. ಬ್ಯಾಟರಿಯ ಸಣ್ಣ ವೋಲ್ಟೇಜು, ಕೈಗೆ ತಾಗಿದರೂ ಏನೂ ಆಗದು. ಆ ಗಂಟೆಯ ತಂತಿಯ ಕಿಡಿಯೇ ಕಾರಣವಾಗಿರಬಹುದೆಂಬ ಶಂಕೆ ಬಲವಾಯಿತು. ವೀಲರ್ ಮತ್ತು ಥಾರ್ನ್‌ಟನ್ ಎಂಬ ವಿಜ್ಞಾನಿಗಳು ಇದನ್ನು ಪರೀಕ್ಷೆಗಿಟ್ಟು ನೋಡಿದಾಗ ತಂತಿಗಳು ಅಗಲುವ ಗಳಿಗೆಯ ಕಿಡಿ ಗಣಿಯ ಅನಿಲವನ್ನು ಹೊತ್ತಿಸಬಲ್ಲದೆಂಬುದು ಖಚಿತವಾಯಿತು. ಗಂಟೆಯೊಳಗಿದ್ದದ್ದೂ ಒಂದು ಕಾಯಿಲ್, ನನ್ನ ಮೇಜಿನ ಮೇಲಿನ ಕಾಯಿಲಿನ ಅಜ್ಜ. ಕಾಯಿಲಿಗೆ ಅಡ್ಡಲಾಗಿ ಇನ್ನೊಂದು ದಾರಿ ಕೊಟ್ಟು ಶಕ್ತಿಯನ್ನು ಅಲ್ಲಿಯೇ ಕರಗಿಸುವುದು ಅಂದು ಕಂಡ ಉಪಾಯ. ಇಂದು ಸೊಲೆನಾಯ್ಡಿನ ಬೆನ್ನಿಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಕೂರಿಸುವುದು ಅದೇ ಉಪಾಯದ ಮುಂದುವರಿಕೆ.

ನಮ್ಮ ಸೀಮೆಗೂ ಗಣಿಗೂ ವಿದ್ಯುತ್ತಿಗೂ ಹಳೆಯ ನಂಟಿದೆ. 1902ರಲ್ಲಿ ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದಾಗ ಅದು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳಿಗೆ ಬಂದದ್ದು 1905ರಲ್ಲಿ. ವಿದ್ಯುತ್ತನ್ನು ಇಷ್ಟು ಮೊದಲೇ ಮನೆಗೆ ಕರೆದುಕೊಂಡ ನಾಡು ಅದರ ಕಿಡಿಯ ಸ್ವಭಾವವನ್ನೂ ಅಷ್ಟೇ ಚೆನ್ನಾಗಿ ಬಲ್ಲದ್ದಾಗಿರಬೇಕು ಎಂಬುದು ನನ್ನ ಹಂಬಲ.

ಇನ್ನೊಂದು ತಪ್ಪು ಕಲ್ಪನೆ, ಇಂಥ ಆವಿ ಇರುವ ಕಡೆ ವಿದ್ಯುತ್ ಉಪಕರಣಗಳನ್ನು ಇಡುವ ಫ್ಲೇಮ್‌ಪ್ರೂಫ್ ಪೆಟ್ಟಿಗೆಯದು. ಆ ದಪ್ಪ ಎರಕದ ಪೆಟ್ಟಿಗೆಯೊಳಗೆ ಆವಿ ಹೋಗುವುದೇ ಇಲ್ಲ ಎಂದು ಹೆಚ್ಚಿನವರು ತಿಳಿದಿದ್ದಾರೆ. ಹೋಗುತ್ತದೆ. ಒಳಗೆ ಸ್ಫೋಟವೂ ಆಗಬಹುದು. ಪೆಟ್ಟಿಗೆ ಅದನ್ನು ತಾಳಿಕೊಳ್ಳುತ್ತದೆ, ಮತ್ತು ಮುಚ್ಚಳದ ಸಂದಿಯಿಂದ ಹೊರನುಗ್ಗುವ ಬಿಸಿ ಅನಿಲ ಆ ಕಿರಿದಾದ ಲೋಹದ ಹಾದಿಯಲ್ಲಿ ಶಾಖ ಕಳೆದುಕೊಂಡು ಹೊರಗಿನ ಆವಿಯನ್ನು ಹೊತ್ತಿಸಲಾರದಷ್ಟು ತಣ್ಣಗಾಗುತ್ತದೆ. 1815ರಲ್ಲಿ ಹಂಫ್ರಿ ಡೇವಿ ಗಣಿಯ ದೀಪಕ್ಕೆ ತಂತಿಜಾಲರಿ ಸುತ್ತಿದಾಗ ಬಳಸಿದ್ದೂ ಇದೇ ತತ್ತ್ವ. ಆದ್ದರಿಂದ ಸಂದಿಯ ಮೇಲೆ ಒಂದು ಗೀರು, ಒಂದು ಬೋಲ್ಟ್ ಕಡಿಮೆ, ಹೊಸ ನೆಟ್‌ವರ್ಕ್ ಕೇಬಲ್ಲಿಗೆಂದು ಡ್ರಿಲ್ಲಿನಿಂದ ಕೊರೆದ ಒಂದು ತೂತು, ಇವುಗಳಲ್ಲಿ ಯಾವುದಿದ್ದರೂ ಅದು ಬರಿ ಭಾರದ ಪೆಟ್ಟಿಗೆ.

ಅಡಾಪ್ಟರ್ ಮಾಡ್ಯೂಲಿಗೆ ಸಾಮಾನ್ಯವಾಗಿ ಇಷ್ಟು ದಪ್ಪ ಕವಚ ಇರುವುದಿಲ್ಲ. ಆವಿ ಅಪರೂಪಕ್ಕೆ, ಸ್ವಲ್ಪ ಹೊತ್ತು ಮಾತ್ರ ಬರಬಹುದಾದ ಜಾಗವನ್ನು ಜೋನ್ 2 ಎನ್ನುತ್ತಾರೆ. ಇಂಥ ಬಹುತೇಕ ಮಾಡ್ಯೂಲುಗಳಿಗೆ ಪ್ರಮಾಣಪತ್ರ ಸಿಗುವುದು ಅಲ್ಲಿಗೆ ಮಾತ್ರ. ಟ್ಯಾಂಕಿನ ಒಳಗೆ ಅಥವಾ ಅದರ ಉಸಿರುಗೊಳವೆಯ ಬಾಯಲ್ಲಿ ಇವುಗಳಿಗೆ ಜಾಗವಿಲ್ಲ. ಮಾಡ್ಯೂಲಿನ ರಕ್ಷಣೆಯ ಗುಟ್ಟು ಸರಳ: ತನ್ನ ಪಾಡಿಗೆ ಕೆಲಸ ಮಾಡುವಾಗ ಅದು ಕಿಡಿ ಹಾರಿಸುವುದಿಲ್ಲ, ಮೈ ಕಾಯಿಸಿಕೊಳ್ಳುವುದಿಲ್ಲ. ಟಿ4 ಎಂದು ಬರೆದಿದ್ದರೆ ಗೊತ್ತುಪಡಿಸಿದ ಮಿತಿಯೊಳಗೆ ಅದರ ಮೇಲ್ಮೈ 135 ಡಿಗ್ರಿ ದಾಟದು. ಕಿಡಿ ಹಾರುವುದು ಮನುಷ್ಯನ ಕೈ ಒಳಹೊಕ್ಕಾಗ. ಮಾಡ್ಯೂಲನ್ನು ಎಳೆದರೆ ಅದರ ಪಕ್ಕದ ಮಾಡ್ಯೂಲುಗಳಿಗೆ, ಅವುಗಳಿಂದ ಕಾಯಿಲುಗಳಿಗೆ ಹರಿಯುತ್ತಿದ್ದ ಕರೆಂಟು ಒಮ್ಮೆಗೇ ಕಡಿಯುತ್ತದೆ. ನನ್ನ ತರಗತಿಯ ಹುಡುಗ ಮಾಡಿದ್ದೂ ಅದನ್ನೇ. ವಿದ್ಯುತ್ ಆರಿಸಿ, ಇಲ್ಲವೇ ಆವಿ ಇಲ್ಲವೆಂದು ಖಚಿತಪಡಿಸಿಕೊಂಡು ಮಾತ್ರ ಕಳಚಿ ಎಂದು ಇಂಥ ಉಪಕರಣಗಳ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಈ ಕಾರಣಕ್ಕೆ. ಒಳಗಿನ ಯುಎಸ್‌ಬಿ ಕಿಂಡಿಗೂ ಇದೇ ನಿಯಮ.

ಮಾಡ್ಯೂಲನ್ನು ಕೂರಿಸುವ ಪೆಟ್ಟಿಗೆ ಧೂಳು, ನೀರಿನ ಹನಿಗಳಿಂದ ಕಾಪಾಡುವ ಕನಿಷ್ಠ ಐಪಿ54 ದರ್ಜೆಯದ್ದಾಗಿ, ಸಲಕರಣೆ ಇಲ್ಲದೆ ತೆರೆಯಲಾಗದಂತೆ ಇರಬೇಕು. ಕೇಬಲ್ಲಿಗೆ ಅದು ಒಳಹೊಗುವ ತೂತನ್ನು ಬಿಗಿಯಾಗಿ ಮುಚ್ಚುವ, ಅದೇ ದರ್ಜೆಯ ಗ್ಲ್ಯಾಂಡ್ ಬೇಕು, ಖಾಲಿ ತೂತಿಗೆ ಅದೇ ದರ್ಜೆಯ ಪ್ಲಗ್. 35 ಮಿಲಿಮೀಟರಿನ ರೈಲು ಸತು ಲೇಪಿಸಿದ ಉಕ್ಕಿನದ್ದೇ ಆಗಲಿ. ಮಾಡ್ಯೂಲಿನ ಅರ್ಥಿಂಗ್ ಅದರ ಕಾಲಿನ ಮೂಲಕ ಆ ರೈಲಿಗೇ ಇಳಿಯುತ್ತದೆ. ಅಲ್ಯೂಮಿನಿಯಂ ರೈಲಿನ ಮೇಲೆ ಆಕ್ಸೈಡ್ ಪೊರೆ ಕಟ್ಟಿದರೆ ಆ ದಾರಿ ಸದ್ದಿಲ್ಲದೆ ಮುಚ್ಚಿಹೋಗುತ್ತದೆ.

ಇನ್ನು ಆಯುಧಪೂಜೆ. ನಾನು ಆ ಹಬ್ಬದ ವಿರೋಧಿಯಲ್ಲ, ಮೈಸೂರಿನವನಾಗಿ ವಿರೋಧಿಸುವುದು ಹೇಗೆ? ಆದರೆ ಹಿಂದಿನ ದಿನ ಪ್ಯಾನೆಲ್ಲುಗಳನ್ನು ಒಣ ಬಟ್ಟೆಯಿಂದ ಹೊಳೆಯುವಂತೆ ಉಜ್ಜುತ್ತಾರಲ್ಲ, ಅಲ್ಲಿ ನನ್ನ ಎದೆ ಹೊಡೆದುಕೊಳ್ಳುತ್ತದೆ. ಪ್ಲಾಸ್ಟಿಕ್ಕನ್ನು ಒಣ ಬಟ್ಟೆಯಿಂದ ಉಜ್ಜಿದರೆ ಅದರಲ್ಲಿ ಸ್ಥಿರವಿದ್ಯುತ್ ತುಂಬುತ್ತದೆ. ಒಣ ಹವೆಯಲ್ಲಿ ಉಜ್ಜುವವನ ಮೈಯೇ 10,000 ವೋಲ್ಟಿಗೆ ಏರಬಹುದು. ಅವನು ಲೋಹವನ್ನು ಮುಟ್ಟಿದರೆ ಹಾರುವ ಕಿಡಿಯಲ್ಲಿ ಹಲವು ಮಿಲಿಜೌಲ್ ಇರುತ್ತದೆ. ‘ಒದ್ದೆ ಬಟ್ಟೆಯಿಂದ ಮಾತ್ರ ಒರೆಸಿ’ ಎಂಬ ಸಣ್ಣ ಚೀಟಿಯನ್ನು ಅಂಥ ಪೆಟ್ಟಿಗೆಗಳ ಮೇಲೆ ಅಂಟಿಸಿರುವುದು ಅಂದಕ್ಕಲ್ಲ. ಮರುದಿನ ಬಾಗಿಲಿನ ರಬ್ಬರ್ ಅಂಚಿಗೆ ಕುಂಕುಮದ ಪುಡಿ, ಬಾಗಿಲ ಸಂದಿಯಲ್ಲಿ ನಿಂಬೆಹಣ್ಣು ಕಟ್ಟಿದ ದಾರ, ಮುಂದೆ ಕರ್ಪೂರದಾರತಿ. ದೃಷ್ಟಿ ತಾಗದಿರಲೆಂದು ಕಟ್ಟಿದ ದಾರದಿಂದಲೇ ಬಾಗಿಲು ಪೂರ್ತಿ ಮುಚ್ಚದೆ, ಪೆಟ್ಟಿಗೆಯ ಐಪಿ54 ಕಾಗದದಲ್ಲಿ ಮಾತ್ರ ಉಳಿಯುತ್ತದೆ. ನಿಂಬೆಹಣ್ಣು ಕಿಡಿಯನ್ನು ತಡೆಯುವುದಿಲ್ಲ. ಇದನ್ನು ಹೇಳಲು ಸಂಕೋಚಪಡುವ ಎಂಜಿನಿಯರುಗಳನ್ನು ಕಂಡು ನನಗೆ ನಿಜಕ್ಕೂ ಭಯವಾಗಿದೆ.

ಮೊದಲು ಹೇಳಿದ ಆ ತಂತ್ರಜ್ಞರು ಆಮೇಲೆ ನನ್ನ ತರಗತಿಗೆ ಬಂದರು, ಕಪ್ಪು ಬಟ್ಟೆಯ ಕತ್ತಲಲ್ಲಿ ತಾವೇ ತಂತಿ ಎಳೆದು ನೋಡಿದರು. ಮುಂದಿನ ಆಯುಧಪೂಜೆಗೆ ಅವರೇ ನನ್ನನ್ನು ಕರೆದರು. ಪೂಜೆ ಸ್ಥಾವರದ ಬೇಲಿಯ ಆಚೆ, ವರ್ಕ್‌ಶಾಪಿನಲ್ಲಿ ನಡೆಯಿತು. ಮಣೆಯ ಮೇಲೆ ಸ್ಪ್ಯಾನರುಗಳು, ಮಲ್ಟಿಮೀಟರ್, ಚೆಂಡುಹೂವು, ಅವುಗಳ ನಡುವೆ ಮೊಹರು ಒಡೆಯದ ಚೀಲದಲ್ಲಿ ಒಂದು ಹೊಸ ಅಡಾಪ್ಟರ್. ಹಬ್ಬ ಮುಗಿದ ಮೇಲೆ ಒಂದು ಬೆಳಿಗ್ಗೆ ಅದನ್ನು ಕೂರಿಸಿದರು. ಪರವಾನಗಿ ಚೀಟಿಗೆ ಸಹಿಯಾಯಿತು, ಬ್ರೇಕರಿಗೆ ಬೀಗ ಬಿತ್ತು, ಅನಿಲ ಮಾಪಕವನ್ನು ನೆಲಕ್ಕೆ ಬಗ್ಗಿಸಿ ಕೇಬಲ್ ಕಾಲುವೆಯ ಉದ್ದಕ್ಕೂ ಹಿಡಿದು ನೋಡಿದರು: ಸೊನ್ನೆ. ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಂಡು, ಹಳೆಯದನ್ನು ಕಳಚಿ ಹೊಸದನ್ನು ರೈಲಿಗೆ ಒತ್ತಿದರು. ಟಕ್ ಎಂದಿತು. ಬಾಗಿಲ ರಬ್ಬರ್ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ ಬಾಗಿಲು ಮುಚ್ಚಿ, ನಾಲ್ಕು ಮೂಲೆಯ ಸ್ಕ್ರೂಗಳನ್ನೂ ಬಿಗಿದ ಮೇಲೆಯೇ ಬ್ರೇಕರಿನ ಬೀಗದ ಕೀಲಿಯನ್ನು ಜೇಬಿನಿಂದ ತೆಗೆದರು.